ಮಡಿ ಜೀಪು

ಕಲ್ಯಾಣ ಸ್ಟೇಷನ್ನಿನ ಹೊರಗೆ ನಮ್ಮ ಜೀಪು ನಿಂತಿರುತ್ತಿತ್ತು. ಠಾಕುರ್ಲಿಯಿಂದ ಲೋಕಲ್ ಹಿಡಿದು ಬಂದು, ಅದನ್ನು ಹತ್ತಿ, ಮುರಬಾಡದ ಆಚೆಯ ಘಾಟಿಗೆ ನಾನು ಹೋಗಬೇಕಿತ್ತು. ಹಿಂದಿನ ಸೀಟುಗಳೆಲ್ಲ ಖಾಲಿ. ಅದೇ ಘಾಟಿಯ ಬುಡಕ್ಕೆ, ಅದೇ ಕೆಲಸಕ್ಕೆ ಹೊರಟ ಇನ್ನೊಬ್ಬರು ಎದುರಿನ ಎಸ್.ಟಿ. ಸ್ಟ್ಯಾಂಡಿನಲ್ಲಿ ಮಳೆಗೆ ನೆನೆಯುತ್ತ ಬಸ್ಸಿಗೆ ಕಾಯುತ್ತಿದ್ದರು. ನಾನೂ ಡ್ರೈವರೂ ಅವರ ಕಣ್ಣೆದುರೇ ಹೊರಡುತ್ತಿದ್ದೆವು. ಹತ್ತಿಸಿಕೊಳ್ಳಬಾರದು ಎಂಬ ನಿಯಮ ಮಾಡಿದವಳು ನಾನೇ.

ಅವರು ವಿಜಯಪುರದ ಕಡೆಯವರು, ನನಗಿಂತ ಹಿರಿಯರು, ಮೊದಲು ಡೊಂಬಿವಲಿಯ ಯಾವುದೋ ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದವರು. ನಾನು ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆ. ಅವರಿಗೆ ನಾನು ಅಕ್ಕಾರ.

ನಮ್ಮದು ಮೋಡ ಬಿತ್ತನೆಯ ಸಂಶೋಧನೆ. ಗುಡ್ಡದ ಬುಡದಲ್ಲಿ ಒಲೆಯಂಥದೊಂದು ಯಂತ್ರವಿಟ್ಟು, ಅದರ ಹೊಗೆಯನ್ನು ಗಾಳಿಯ ಜೊತೆ ಮೋಡಕ್ಕೆ ಕಳಿಸಿದರೆ ಮಳೆ ಹೆಚ್ಚುತ್ತದೆ ಎಂದು ನಮ್ಮ ಸಾಹೇಬರು ನಂಬಿದ್ದರು. ಬುಡದ ಗಾಳಿ ಗುಡ್ಡ ಹತ್ತುತ್ತದೆಯೇ ಎಂಬುದೇ ಪ್ರಶ್ನೆ. ಅದನ್ನು ತಿಳಿಯಲು ಹೊಗೆಯ ಬದಲು ಒಂದು ಅನಿಲ ಬಿಡುತ್ತಿದ್ದೆವು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಣ್ಣ ಕೆಳಗೆ ಸಿಲಿಂಡರ್ ತೆರೆಯಬೇಕು, ನಾನು ಮೇಲೆ ಘಾಟಿ ರಸ್ತೆಯಲ್ಲಿ ಜೀಪಿನಲ್ಲಿ ತಿರುಗುತ್ತ, ಅದರೊಳಗಿಟ್ಟ ಅಳತೆಯ ಯಂತ್ರದಿಂದ ಅದನ್ನು ಹುಡುಕಬೇಕು. ಆ ಯಂತ್ರ ಎಷ್ಟು ಸೂಕ್ಷ್ಮವೆಂದರೆ, ಸಿಲಿಂಡರ್ ತೆರೆದವರ ಬಟ್ಟೆಯಲ್ಲಿ ಉಳಿದ ಚೂರು ಅನಿಲವೂ ಅದಕ್ಕೆ ಸಾಕು. ಅದಕ್ಕೇ ಕೆಳಗಿನವರು ಜೀಪಿನ ಹತ್ತಿರ ಬರುವಂತಿಲ್ಲ.

ಮೊದಲ ದಿನ ಅಣ್ಣನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಕೆಲಸ ಮುಗಿಸಿ, ರೊಟ್ಟಿ ಡಬ್ಬಿ ಹಿಡಿದು, ಊರ ಮಾತು ಆಡುವವಳೊಬ್ಬಳು ಸಿಕ್ಕಳೆಂಬ ಖುಷಿಯಲ್ಲಿ ಮೇಲೆ ಬಂದರು. "ಅಲ್ಲೇ ನಿಲ್ಲಿ, ಜೀಪು ಮುಟ್ಟಬೇಡಿ!" ಎಂದು ನಾನು ಕೂಗಿದೆ. ಅವರ ಕಾಲು ಅಲ್ಲೇ ನಿಂತಿತು, ಮುಖದ ನಗು ಆರಿತು.

"ತಪ್ಪಾತ್ರಿ ಅಕ್ಕಾರ. ನಮ್ಮೂರಾಗೂ ಹಿಂಗ ಅಂತಿದ್ರು" ಎಂದು ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡರು.

ಅಳತೆ ಹೇಗೂ ಮುಗಿದಿತ್ತು. ಓಡಿಹೋಗಿ ಅವರನ್ನು ಕರೆತಂದು, ಯಂತ್ರದ ಕೊಳವೆಯನ್ನು ಅವರ ತೋಳಿನ ಹತ್ತಿರ ಹಿಡಿದೆ. ಪರದೆಯ ಮೇಲಿನ ಗೆರೆ ಸರ್ರನೆ ಏರಿತು. ನನ್ನ ತೋಳಿಗೆ ಹಿಡಿದರೆ ಗೆರೆ ಅಲುಗಲಿಲ್ಲ.

"ಯಾರ ಅಂಗಿ ಆದ್ರೂ ಹಿಂಗಽ ಆಕ್ಕೈತೇನ್ರಿ?"

"ಸಿಲಿಂಡರ್ ಮುಟ್ಟಿದವರು ಯಾರೇ ಆಗಲಿ ಅಣ್ಣ, ಅಷ್ಟೇ."

"ಹಂಗಾರ ಇದು ಗ್ಯಾಸಿನ ಸಲುವಾಗಿ ಐತಿ, ಬ್ಯಾರೆ ಏನೂ ಇಲ್ಲ" ಎಂದು ಜೋರಾಗಿ ನಕ್ಕರು. ಆ ದಿನ ಜೀಪಿಗೆ ಒರಗಿ ನಿಂತು ಇಬ್ಬರೂ ಅವರ ರೊಟ್ಟಿ ತಿಂದೆವು.

ಮರುದಿನದಿಂದ ನಿಯಮವನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸಿದವರು ಅವರೇ. ದೂರದಿಂದಲೇ ಕೈಯೆತ್ತಿ, "ಮಡಿ ಜೀಪ್ ಹೊಂಟೈತಿ, ಸರೀರಪಾ!" ಎಂದು ತಮಾಷೆ ಮಾಡುತ್ತಿದ್ದರು. ನಮ್ಮದು ಉಡುಪಿ ಕಡೆಯ ಮನೆ. ಅಮ್ಮನಿಗೆ ಈ ಹೆಸರು ಕೇಳಿ ನಗುವೋ ನಗು. "ಮನೆಯಲ್ಲಿ ಮಡಿ ಅಂದ್ರೆ ಉರಿದು ಬೀಳ್ತಿ, ಅಲ್ಲಿ ಜೀಪಿಗೆ ಮಡಿ ಮಾಡ್ತಿಯಾ ಮಾರಾಯ್ತಿ?" ಎಂದಿದ್ದರು. ನಾನೂ ನಕ್ಕಿದ್ದೆ. ಈಗ ನೆನೆದರೆ ನಗು ಬರುವುದಿಲ್ಲ.

ಆ ಮಳೆಗಾಲವಿಡೀ ಘಾಟಿಯ ಮೇಲೆ ಯಂತ್ರ ಏನನ್ನೂ ಹಿಡಿಯಲಿಲ್ಲ. ಅನಿಲ ಗುಡ್ಡ ಹತ್ತುತ್ತಲೇ ಇರಲಿಲ್ಲ. ಬುಡದಲ್ಲೇ ಸುತ್ತಿ, ಹಳ್ಳದ ಗುಂಟ ಪಕ್ಕಕ್ಕೆ ಜಾರುತ್ತಿತ್ತು. ಅಂದರೆ ಆ ಜಾಗದಲ್ಲಿ ಒಲೆಯಿಟ್ಟು ಪ್ರಯೋಜನವಿಲ್ಲ. ಇದೂ ಒಂದು ಉತ್ತರವೇ. ಆದರೆ ಸಾಹೇಬರಿಗೆ ಬೇಕಾಗಿದ್ದ ಉತ್ತರ ಇದಲ್ಲ.

ಕೊನೆಗೆ ಇಲಾಖೆಯಿಂದ ಅತಿಥಿಗಳು ಬಂದರು. ಸಾಹೇಬರು ಅಂದು ಫೋಟೋಕ್ಕಾಗಿ ಅಣ್ಣನನ್ನು ಬದಿಗೆ ಸರಿಸಿ ಸಿಲಿಂಡರನ್ನು ತಾವೇ ತೆರೆದರಂತೆ. ಆಮೇಲೆ ಅತಿಥಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಘಾಟಿಗೆ ಬಂದವರೇ ನನ್ನ ಜೀಪಿನೊಳಗೆ ತಲೆ ತೂರಿಸಿ, "ಏನಮ್ಮ, ಇವತ್ತಾದ್ರೂ ಸಿಕ್ತಾ?" ಎಂದರು.

ಸಿಕ್ಕಿತು. ಗೆರೆ ಪರದೆಯ ತುದಿಗೆ ಹೋಗಿ ಮುಟ್ಟಿತು. ಅತಿಥಿಗಳು ಚಪ್ಪಾಳೆ ತಟ್ಟಿದರು.

"ಸರ್, ಅದು ನಿಮ್ಮ ಅಂಗಿಯದು. ದಯವಿಟ್ಟು ದೂರ ನಿಲ್ಲಿ" ಎಂದೆ, ಎಲ್ಲರಿಗೂ ಕೇಳುವಂತೆ.

ಅವರು ನಗುತ್ತಲೇ ಹಿಂದೆ ಸರಿದರು. ಗೆರೆಯೂ ಅವರ ಹಿಂದೆಯೇ ಇಳಿಯಿತು. "ನೋಡಿ, ಗಾಳಿ ತಿರುಗ್ತು" ಎಂದು ಅತಿಥಿಗಳಿಗೆ ವಿವರಿಸಿದರು. ಬಗ್ಗಿ ನನಗೆ ಮಾತ್ರ, "ಇಷ್ಟು ದಿನಕ್ಕೆ ಒಂದು ಬಂದಿದೆ. ಖುಷಿ ಪಡಮ್ಮ" ಎಂದರು. ಅಂಥ ನಾಚಿಕೆಗೆಟ್ಟ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಕಾಮೋಠೆಯ ನಮ್ಮ ಆಫೀಸಿನಲ್ಲಿ ಆ ಅಳತೆಯನ್ನು ಕೈಬಿಡಬೇಕೆಂದು ಜಗಳವಾಡಿದೆ. ಕೈಬಿಟ್ಟದ್ದು ನನ್ನನ್ನು. ಅನಿಲ ಗುಡ್ಡದ ನೆತ್ತಿ ಮುಟ್ಟಿತು ಎಂದು ವರದಿ ಹೋಯಿತು. ಯಾರದ್ದೋ ಅಂಗಿ ಹೀಗೆ ವಿಜ್ಞಾನವಾಯಿತು. ಇಂದಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಕೊನೆಯ ದಿನ ಘಾಟಿಯ ಶೆಡ್ಡಿನಲ್ಲಿದ್ದ ನನ್ನ ಸಾಮಾನು ತರಲೆಂದು ಕಲ್ಯಾಣದಲ್ಲಿ ಇಳಿದೆ. ಜೀಪಿನಲ್ಲಿ ಯಂತ್ರ ಇರಲಿಲ್ಲ. ಅಣ್ಣ ಎಂದಿನಂತೆ ರಸ್ತೆಯ ಆಚೆ ನಿಂತಿದ್ದರು. ನಾನೇ ದಾಟಿ ಹೋಗಿ, "ಬನ್ನಿ ಅಣ್ಣ, ಇವತ್ತು ಜೊತೆಗೇ ಹೋಗೋಣ" ಎಂದೆ.

ಅವರು ಅಲುಗಲಿಲ್ಲ. "ಡ್ರೈವರ್ ಎಲ್ಲಾ ಹೇಳ್ಯಾನ್ರಿ. ಸಾಹೇಬ್ರು ಸಿಲಿಂಡರ್ ಮುಟ್ಟಿ ನಿಮ್ಮ ಜೀಪಿನ್ಯಾಗ ಬಗ್ಗಿದ್ರಂತ. ಆದ್ರ ಬಂದದ್ದು ಗುಡ್ಡದ ಗ್ಯಾಸ್ ಅಂತ ಬರದಾರಂತ."

"ಸುಳ್ಳು ಬರೆದಿದ್ದಾರೆ. ನಾನು ಜಗಳ ಮಾಡಿದೆ, ಅಣ್ಣ."

"ಮಾಡಿರ್ತೀರಿ, ನನಗ ಗೊತ್ತೈತ್ರಿ. ಆದ್ರ ದೊಡ್ಡವ್ರೆಲ್ಲಾ ಕೂಡಿ ಸಾಹೇಬ್ರ ಅಂಗಿಗೆ ಗ್ಯಾಸ್ ಹತ್ತಂಗಿಲ್ಲ ಅಂತ ಒಪ್ಪ್ಯಾರಲ್ರಿ. ಹಂಗಾರ ಇಷ್ಟು ದಿನ ನನ್ನ ಯಾಕ ದೂರ ನಿಲ್ಸಿದ್ರಿ ಅಕ್ಕಾರ?"

ಬಸ್ಸು ಬಂತು. ಅವರು ಹತ್ತಿ, ಸೀಟು ಸಿಗದೆ, ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತರು. ಘಾಟಿಯವರೆಗೂ ನಮ್ಮ ಜೀಪು ಆ ಬಸ್ಸಿನ ಹಿಂದೆಯೇ ಹೋಯಿತು, ಹಿಂದಿನ ಸೀಟುಗಳು ಖಾಲಿ.