ನಮ್ಮ ಮನಿಯ ಮೇಣಬತ್ತಿ ಸ್ಟ್ಯಾಂಡು

ಹೋದ ವಾರ ಹಿರೇಕೆರೂರಿನ ನಮ್ಮ ಮನಿಯಾಗ ಇಡೀ ಚಾಲುಕ್ಯ ವಂಶ ಸುಟ್ಟು ಬೂದಿ ಆತು. ಯುದ್ಧದಾಗಲ್ರಿ. ಮೇಣಬತ್ತಿ ಉರುಳಿ ಮಗಳ ಇತಿಹಾಸದ ಪುಸ್ತಕದ ಮ್ಯಾಲೆ ಬಿತ್ತು, ಅಷ್ಟ.

ಊರಿಗೆ ಕರೆಂಟು ಬಂದೈತಿ, ಖರೆ. ಆದ್ರ ಸಂಜಿ ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಹೋಗತೈತಿ. ಕಂದೀಲು ಎಲ್ಲಿ ಅಂತೀರೇನು? ಮೊದಲ ಬಲ್ಬು ಹತ್ತಿದ ಖುಷಿಯೊಳಗ ಮನಿಯಾಗಿದ್ದ ಎರಡೂ ಕಂದೀಲು ತಿಳವಳ್ಳಿ ಅಕ್ಕಗ ಕೊಟ್ಟು ಕಳಿಸಿದ ಶಾಣ್ಯಾ ನಾನ. (ವಾಪಸ್ ಕೇಳಾಕ ಮುಖ ಬೇಕಲ್ರಿ?)

ಮಗಳು ಗಿರಿಜಾಗ ಈ ಸಲ ಏಳನೇತ್ತದ ಮುಲ್ಕಿ ಪರೀಕ್ಷೆ. ಹೈಸ್ಕೂಲಿಗೆ ಹೋಗಬೇಕಂತ ಹುಡುಗಿಗೆ ಭಾಳ ಆಸೆ. ನಮ್ಮವ್ವ ಮಾತ್ರ ಕಡ್ಡಿ ಮುರಿದಂಗ ಹೇಳಿಬಿಟ್ಟಾಳ: "ನಪಾಸಾದ್ರ ಸಾಲಿ ಸಾಕು. ರೊಟ್ಟಿ ಬಡಿಯೋದು ಕಲೀಲಿ." ಅವ್ವನ ಮಾತು ಅಂದ್ರ ನಮ್ಮ ಮನಿಯಾಗ ಹೈಕೋರ್ಟು.

ಅಂದ್ರ ಬೆಳಕು ಬೇಕಾ ಬೇಕು, ಅದೂ ಉರುಳದಂಥಾ ಬೆಳಕು. "ಪ್ಯಾಟ್ಯಾಗ ಒಂದು ಸ್ಟ್ಯಾಂಡು ತರ್ರಿ" ಅಂದ್ಲು ಮನಿಯಾಕಿ. ತಂದಿದ್ರ ಆಗತಿತ್ತು. ಆದ್ರ ಗಂಡಸರ ಹುರುಪು ನಿಮಗ ಗೊತ್ತಿಲ್ಲೇನು? "ಅಷ್ಟಕ್ಕ ಪ್ಯಾಟಿ ಯಾಕ? ಮಣ್ಣಿಂದು ನಾನ ಮಾಡ್ತೇನಿ" ಅಂದೆ.

ಕೆರಿ ದಂಡಿಯಿಂದ ಜಿಗುಟು ಮಣ್ಣು ತಂದೆ. ಬಿರೀಬಾರದಂತ ಹತ್ತಿ ಎಳಿ ಸೇರಿಸಿ ನಾದಿದೆ. ಕುಂತು ಮಾಡಿದ್ದ ಮಾಡಿದ್ದು. ಮುಗದ ಮ್ಯಾಲೆ ನೋಡ್ತೇನಿ, ಎತ್ತು! ಸಣ್ಣಾಂವ ಇದ್ದಾಗಿಂದ ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡಿದ ಕೈ, ಅದಕ್ಕ ಬ್ಯಾರೆ ಏನು ಗೊತ್ತೈತ್ರಿ? ಇರಲಿ ಅಂತ ಬೆನ್ನಾಗ ಮೇಣಬತ್ತಿ ಹಿಡಿಸೋವಷ್ಟು ತೂತು ಮಾಡಿ ಬಿಸಿಲಿಗೆ ಇಟ್ಟೆ.

ಸಂಜಿಗೆ ನೋಡಿದ್ರ ಎತ್ತು ದೇವರ ಜಗಲಿ ಮ್ಯಾಲೆ! ಹಣಿಗೆ ವಿಭೂತಿ, ಕೊಳ್ಳಾಗ ಹೂವು, ಬೆನ್ನಿನ ತೂತಿನಾಗ ಊದಿನಕಡ್ಡಿ.

"ಬಸವಣ್ಣನ ಬೆನ್ನ ಮ್ಯಾಲೆ ಕಾದ ಮೇಣ ಸುರೀತಿಯೇನೋ, ಹುಚ್ಚಪ್ಯಾಲಿ?" ಅಂದ್ಲು ಅವ್ವ.

ಮರುದಿನ ಮಣ್ಣನ್ನ ಹಗ್ಗದಂಗ ಹೊಸೆದು, ಸುತ್ತಿ ಸುತ್ತಿ ಕುಂದ್ರಿಸಿದೆ. "ನಾಗಪ್ಪ ತಾನಾಗೇ ಬಂದಾನ" ಅಂತ ಅವ್ವ ಹಾಲು ತಂದು ಎರದ್ಲು. ಹಸಿ ಮಣ್ಣು, ಹಾಲಿನಾಗ ಕರಗಿ ಹೋತು.

ಆಕಾರನ ಬ್ಯಾಡ ಅಂತ ಸಿಟ್ಟಿಗೆದ್ದು, ಮಣ್ಣನ್ನ ರೊಟ್ಟಿಯಂಗ ತಟ್ಟಿ, ನಡುವ ಒಂದು ಗುಂಡನ್ನ ಗೂಟ ನಿಂದ್ರಿಸಿದೆ. ತುದೀಗೆ ತೂತು ಕೊರೀಬೇಕು ಅನ್ನೋದ್ರಾಗ ಅವ್ವ ಪತ್ರಿ ಏರಿಸಿ, "ಶಿವನ!" ಅಂತ ಕೈ ಮುಗದು ನಿಂತಿದ್ಲು. ಲಿಂಗಕ್ಕ ತೂತು ಕೊರಿಯೋ ಧೈರ್ಯ ಯಾರಿಗೈತ್ರಿ?

"ಇನ್ನೆರಡು ಮಾಡ್ರಿ, ಒಬ್ಬ ಪೂಜಾರೀನ್ನ ಇಟ್ಕೊಳ್ಳೋಣು" ಅಂದ್ಲು ಮನಿಯಾಕಿ.

ಗಿರಿಜಾ ಅಳೋ ಹಂಗಾಗಿದ್ಲು. "ಅಪ್ಪಾ, ಪರೀಕ್ಷೆ ಬಂತು. ನೀ ದೇವರು ಮಾಡಿದ್ದು ಸಾಕು, ಸರಿ ಅತ್ಲಾಗ!" ಅಂತ ಉಳಿದ ಮಣ್ಣು ತಗೊಂಡು ಹಿತ್ತಲದಾಗ ಹೋಗಿ ಕುಂತ್ಲು. ಯಾರೂ ಬರಬ್ಯಾಡ್ರಿ ಅಂತ ತಾಕೀತು ಬ್ಯಾರೆ.

ಮರುದಿನ ಸಂಜಿಗೆ ತಂದು ನಡುಮನಿಯಾಗ ಇಟ್ಲು. ಬೋಳು ತಲಿ. ಬದನಿಕಾಯಿಯಂಥಾ ಮೂಗು. ಕಣ್ಣಿನ ಸುತ್ತ ಕಡ್ಡಿಲೆ ಗೀರಿದ ಚಾಳೀಸು. ಮಾತಾಡಿದ್ದ ಮಾತಾಡಿದ್ದು ಅನ್ನೋ ಹಂಗ ತೆರೆದ ಬಾಯಿ. ನೆತ್ತಿ ಮ್ಯಾಲೆ ಮೇಣಬತ್ತಿ ಗಟ್ಟಿಯಾಗಿ ಕುಂದ್ರೋ ತೂತು.

ಅವ್ವ ರೂಢಿ ಪ್ರಕಾರ ಕೈ ಎತ್ತಿದ್ಲು. ಹತ್ರ ಬಂದು ನೋಡಿದ್ಲು. ಕೈ ಇಳಿಸಿದ್ಲು.

"ಇದು ನಿಮ್ಮಪ್ಪ ಅಲ್ಲೇನ?"

"ಹೌದು ಆಯಿ."

ಅವ್ವ ನಕ್ಕಿದ್ದ ನಕ್ಕಿದ್ದು, ಕಣ್ಣಾಗ ನೀರು ಬರೋ ತನಕ. "ಇದಕ್ಕ ಮಡಿ ಇಲ್ಲ, ಮೈಲಿಗಿ ಇಲ್ಲ. ಓದವಾ ನೀ" ಅಂತ ತಾನ ಕಡ್ಡಿ ಗೀರಿ ಮೇಣಬತ್ತಿ ಹಚ್ಚಿದ್ಲು. ಆಮ್ಯಾಲೆ ನನ್ನ ಕಡೆ ತಿರುಗಿ, "ಇಷ್ಟು ಶಾಣ್ಯಾಕೀನ್ನ ರೊಟ್ಟಿ ಬಡಿಯಾಕ ಹಚ್ಚಿದ್ರ ದೇವರು ಮೆಚ್ಚತಾನೇನು? ನಪಾಸಾದ್ರ ಇನ್ನೊಂದು ವರ್ಷ ಕುಂದ್ರಲಿ. ಸಾಲಿ ಬಿಡಸಬ್ಯಾಡ" ಅಂದ್ಲು. ಹೈಕೋರ್ಟು ತನ್ನ ತೀರ್ಪು ತಾನ ತಿರುವಿ ಹಾಕಿದ್ದು ನಾ ಕಂಡದ್ದು ಇದ ಮೊದಲು.

ಭಾಳ ಸಂತೋಷ ಆತು, ಸುಳ್ಯಾಕ ಹೇಳ್ಲಿ? ಈಗ ದಿನಾ ಸಂಜಿಗೆ ನನ್ನ ನೆತ್ತಿ ಮ್ಯಾಲೆ ಬೆಂಕಿ ಉರೀತೈತಿ, ಮೂಗಿನಗುಂಟ ಮೇಣ ಸೋರತೈತಿ, ಮಗಳು ಜೋರಾಗಿ ಓದತಾಳ.

ಆದ್ರ ಒಂದು ಮಾತು ನೀವ ಹೇಳ್ರಿ. ಮಣ್ಣಿನ ಹಗ್ಗಕ್ಕೂ ಕೈ ಮುಗಿಯೋ ನಮ್ಮವ್ವಗ, ಹೆತ್ತ ಮಗನ ಮಾರಿ ಕಂಡ ಕೂಡ್ಲೆ ಕೈ ಯಾಕ್ರಿ ಇಳೀಬೇಕು?