ಟೇಲರಕ್ಕನ ಸೀಗಡಿ ತೊಟ್ಟಿ

ಸೀಗಡಿಗಳು ಮಾಯವಾಗುತ್ತಿವೆಯೋ, ತನ್ನ ಕಣ್ಣೇ ಕೈಕೊಡುತ್ತಿದೆಯೋ ಎಂಬುದು ಟೇಲರಕ್ಕನಿಗೆ ಬಗೆಹರಿಯಲಿಲ್ಲ. ಬೆಳಿಗ್ಗೆ ಎದ್ದವಳೇ ತಾರಸಿಗೆ ಹೋಗಿ, ಸಿಮೆಂಟಿನ ತೊಟ್ಟಿಗೆ ನೆರಳಿಗೆಂದು ಕಟ್ಟಿದ ಹಳೆಯ ಬೆಡ್‌ಶೀಟನ್ನು ಸರಿಸಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿ ನೋಡುತ್ತಿದ್ದಳು. ಪಾಚಿ ಕಾಣುತ್ತಿತ್ತು, ಕಲ್ಲು ಕಾಣುತ್ತಿತ್ತು, ತನ್ನದೇ ಮುಖವೂ ಕಾಣುತ್ತಿತ್ತು. ಉಗುರಿನಷ್ಟಿದ್ದ ಕೆಂಪು ಸೀಗಡಿಗಳು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದವು. ಹೋಗಲಿ, ಕಾಗೆ ತಿಂದಿರಬೇಕು ಅಂದುಕೊಂಡು ಸುಮ್ಮನಾಗಬಾರದಿತ್ತೇ ಎಂದು ನೀವು ಕೇಳಬಹುದು. ಸುಮ್ಮನಾಗುವ ಜಾತಿಯ ಹೆಂಗಸಲ್ಲ ಅವಳು. ಅಲ್ಲದೆ ಅವಳ ಅನ್ನವೇ ಕಣ್ಣಿನಲ್ಲಿತ್ತು.

ಮದುವೆಗೆ ಮುಂಚೆ ಹಿಡಿದ ಸೂಜಿಯನ್ನು ಅವಳು ಕೆಳಗಿಟ್ಟವಳೇ ಅಲ್ಲ. ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಅರ್ಧ ಬೀದಿಯವರ ಜೊತೆ ಜಗಳವಾಡಿದ್ದಾಳೆ, ಇನ್ನರ್ಧದವರಿಗೆ ಬುದ್ಧಿ ಹೇಳಿದ್ದಾಳೆ. ಅಂಥವಳಿಗೆ ಕಣ್ಣಿನ ಪೊರೆ ಬಂತು. ಆಪರೇಶನ್ ಆದ ಮೇಲೆ ಡಾಕ್ಟರು ಮೆಷಿನ್ ಮುಟ್ಟಬೇಡಿ, ಬಿಸಿಲಿಗೆ ಹೋಗಬೇಡಿ ಅಂದರು. ಕೈಕಟ್ಟಿ ಕೂತು ಅವಳಿಗೆ ತಲೆ ಕೆಟ್ಟುಹೋಯಿತು. ಪ್ಯಾಂಟಿನ ಕಾಲು ಮಡಿಸಿಕೊಡಿ ಅಂತ ಬಂದ ಬಣ್ಣದ ಮೀನಿನ ಅಂಗಡಿಯವನು ಅವಳ ಮುಖ ನೋಡಿ, ಮರುದಿನ ಪ್ಲಾಸ್ಟಿಕ್ ಚೀಲದಲ್ಲಿ ಸೀಗಡಿ ತಂದುಕೊಟ್ಟ.

"ಇದನ್ನ ನೋಡ್ತಾ ಇರಿ ಅಕ್ಕಾ. ಮರಿ ಹಾಕಿದ್ರೆ ಆ ಮರಿಗಳು ಒಂದು ಹೊಲಿಗೆಯಷ್ಟೂ ಇರಲ್ಲ. ಅವು ಕಣ್ಣಿಗೆ ಬಿದ್ದ ದಿನ ಧೈರ್ಯವಾಗಿ ಸೂಜಿ ಹಿಡೀರಿ," ಅಂದ.

ಮರಿಗಳು ಕಂಡವು. ಟೇಲರಕ್ಕ ತಾರಸಿಯಲ್ಲಿ ಒಬ್ಬಳೇ ನಕ್ಕು, ಕೆಳಗಿಳಿದು ಬಂದು ಮೆಷಿನ್ನಿನ ಮುಸುಕು ತೆಗೆದಳು. ಆವತ್ತಿನಿಂದ ಆ ತೊಟ್ಟಿಯೇ ಅವಳ ಕಣ್ಣಿನ ಡಾಕ್ಟರು. ಈಗ ಆ ಡಾಕ್ಟರೇ ಏನೂ ಕಾಣುತ್ತಿಲ್ಲ ಅನ್ನುತ್ತಿದ್ದರೆ ಅವಳು ಸುಮ್ಮನೆ ಕೂರುತ್ತಾಳೆಯೇ?

ಗಂಡನನ್ನು ಕೈಹಿಡಿದು ಎಳೆದುಕೊಂಡು ಹೋದಳು. "ರೀ, ಸರಿಯಾಗಿ ನೋಡಿ ಹೇಳಿ. ಇದಾವಾ ಇಲ್ವಾ?"

"ಇದಾವಲ್ಲೇ! ಓ ಅಲ್ಲಿ, ಬೇಕಾದಷ್ಟು," ಅಂತ ಯಜಮಾನರು ತೋರಿಸಿದ್ದು ಒಂದು ಒಣಗಿದ ಎಲೆಯನ್ನು. ಹೆಂಡತಿಗೆ ಸಮಾಧಾನವಾಗಲಿ ಅಂತ ಹೇಳಿದ್ದು, ಪಾಪ. ಅವಳಿಗೋ ತಲೆ ಇನ್ನಷ್ಟು ಗೊಜ್ಜಾಯಿತು. ಅವರಿಗೆ ಕಾಣುವುದು ತನಗೆ ಕಾಣುತ್ತಿಲ್ಲವೆಂದರೆ ಮುಂದಿನ ಗತಿಯೇನು?

ಇದು ಸಾಲದು ಅನ್ನುವಂತೆ ತೊಟ್ಟಿಯ ನೀರೂ ಆಟವಾಡಿಸಿತು. ಹಂಚು ಕಾದಂತೆ ತಾರಸಿ ಕಾಯುವ ಬಿಸಿಲು. ಒಗೆದ ಬಟ್ಟೆ ಹರವಿ ತಿರುಗುವಷ್ಟರಲ್ಲಿ ಒಣಗುತ್ತದೆ. ತೊಟ್ಟಿಯ ನೀರು ಮಾತ್ರ ಒಂದು ಬೆರಳೂ ಇಳಿಯುತ್ತಿರಲಿಲ್ಲ. ತಾನೇ ನೀರು ಹಾಕಿ ಮರೆತೆನೇ? ಬೆಡ್‌ಶೀಟಿನ ಗಂಟು ಬಲಕ್ಕೆ ಕಟ್ಟಿದ್ದೆನೋ ಎಡಕ್ಕೋ? ಕಣ್ಣಿನ ಜೊತೆ ತಲೆಯೂ ಹೊರಟಿತೇ? ಪಿನ್ನು ಕಚ್ಚಿಕೊಂಡು ಯೋಚಿಸುತ್ತ ಕೂತವಳು, ಒಬ್ಬರ ತೋಳನ್ನು ಇನ್ನೊಬ್ಬರ ಅಂಗಿಗೆ ಹೊಲಿದುಬಿಟ್ಟಳು.

ಮೀನಂಗಡಿಯವನನ್ನು ಕೇಳಿದಳು. ಅವನೂ ತಲೆ ಕೆರೆದುಕೊಂಡ. "ಬೇಸಿಗೆಯಲ್ಲಿ ಇಳಿಯದಿರೋ ನೀರನ್ನ ನಾನೆಲ್ಲೂ ಕಂಡಿಲ್ಲ ಅಕ್ಕಾ. ನೀವು ನಲ್ಲಿ ನೀರನ್ನ ಒಂದು ದಿನ ಬಕೆಟ್ಟಲ್ಲಿಟ್ಟು ಆಮೇಲೆ ತಾನೇ ಹಾಕೋದು? ಹಾಗೇ ಸುರಿದ್ರೆ ಕ್ಲೋರಿನ್‌ಗೆ ಸತ್ತೇ ಹೋಗ್ತವೆ, ಸತ್ತದ್ದನ್ನ ಉಳಿದವು ತಿಂದು ಗುರುತೂ ಉಳಿಸಲ್ಲ. ತಿನ್ನೋಕೂ ಜಾಸ್ತಿ ಹಾಕಬೇಡಿ, ನೀರು ಕೊಳೆಯುತ್ತೆ. ಒಂದೇ ಒಂದು ಪಾಲಕ್ ಎಲೆ ಬೇಯಿಸಿ ಬಿಡಿ. ಇರೋವೆಲ್ಲ ಅದಕ್ಕೆ ಬಂದು ಮುತ್ತುತ್ತವೆ, ನಿಮ್ಮ ಅನುಮಾನ ತೀರುತ್ತೆ."

ಮಾರನೆಯ ಬೆಳಿಗ್ಗೆಯೇ ಎಲೆ ಬಿಟ್ಟಳು. ಸಂಜೆ ಹೋಗಿ ನೋಡಿದರೆ ಒಂದೂ ಸೀಗಡಿ ಇಲ್ಲ. ಎಲೆ ಮಾತ್ರ ಎರಡಾಗಿತ್ತು!

ಟೇಲರಕ್ಕ ಕನ್ನಡಕ ಒರೆಸಿದಳು. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ಎರಡೇ. ಕೈಹಾಕಿ ಎತ್ತಿದಳು. ಎರಡೂ ಕೈಗೆ ಬಂದವು. ಅಯ್ಯೋ ದೇವರೇ ಎಂದವಳಿಗೆ, ಅರೆ, ಕಣ್ಣು ಸುಳ್ಳು ಹೇಳಬಹುದು, ಕೈ ಹೇಳುವುದಿಲ್ಲವಲ್ಲ ಅಂತ ಹೊಳೆಯಿತು. ಯಾರೋ ಬಂದು ಹೋಗುತ್ತಿದ್ದಾರೆ.

ಯಾರೋ ಏನು ಬಂತು? ಕೆಳಗಿನ ಮನೆ ಅವಳದು, ಮೇಲಿನ ಮನೆ ಅವಳ ತಂಗಿಯದು, ತಾರಸಿ ಇಬ್ಬರದೂ. ಅಕ್ಕತಂಗಿಯರ ನಡುವೆ ಮಾತು ನಿಂತುಹೋಗಿತ್ತು. ಅಕ್ಕ ಆಪರೇಶನ್ ಮುಗಿಸಿ ಮನೆಗೆ ಬಂದ ವಾರವೇ, ತಂಗಿ ತನ್ನ ಮಗಳ ಮದುವೆಯ ಬಟ್ಟೆಯನ್ನು ಹೊಲಿಯಲು ಬೇರೆ ಟೇಲರನಿಗೆ ಕೊಟ್ಟಿದ್ದಳು. ಒಂದು ಮಾತೂ ಹೇಳದೆ! ಎತ್ತಿ ಆಡಿಸಿದ ಕೂಸಿನ ಬಟ್ಟೆ ಅದು. ಟೇಲರಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಮದುವೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಊಟವೂ ಮಾಡದೆ ಎದ್ದು ಬಂದಳು. ಇವಳು ಕುರುಡಿಯಾದಳು ಅಂತ ಊರಿಗೆಲ್ಲ ಸಾರಿದ ಹಾಗಾಯಿತಲ್ಲ ಎಂಬ ಸಂಕಟ ಅವಳನ್ನು ತಿಂದುಹಾಕಿತ್ತು. ಈಗ ಸೀಗಡಿಗೂ ಕೈಹಾಕಿದಳೇ?

ಮರುದಿನ ಮಧ್ಯಾಹ್ನ, ತಾನು ಯಾವತ್ತೂ ಮೇಲೆ ಹೋಗದ ಹೊತ್ತಿನಲ್ಲಿ, ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತಳು. ತಂಗಿ ಬಂದಳು. ತಾರಸಿಯ ನಲ್ಲಿಯಲ್ಲಿ ಬಕೆಟ್ಟು ತುಂಬಿಸಿದಳು. ತೊಟ್ಟಿಗೆ ಸುರಿದಳು. ಸೆರಗಿನಿಂದ ಬಿಸ್ಕತ್ತಿನ ಪುಡಿ ತೆಗೆದು ಉದುರಿಸಿದಳು. ಬೆಡ್‌ಶೀಟನ್ನು ಬಿಚ್ಚಿ, ಬಿಸಿಲು ಬೀಳುವ ಕಡೆಗೆ ಎಳೆದು ಕಟ್ಟಿದಳು. ಇನ್ನೊಂದು ಬಕೆಟ್ಟು ತುಂಬಿಸಿ ತಂದಳು.

ಟೇಲರಕ್ಕ ಎದ್ದು ನಿಂತಳು. ಮಾತು ಬಿಟ್ಟವಳ ಜೊತೆ ತಾನಾಗಿ ಮಾತಾಡುವುದುಂಟೇ? ಟ್ಯಾಂಕಿಗೆ ಹೇಳಿದಳು: "ಕೆಲವರು ನಲ್ಲಿ ನೀರನ್ನ ಹಾಗೇ ಸುರಿದು, ಬಾಯಿಲ್ಲದ ಜೀವಗಳನ್ನ ಸಾಯಿಸ್ತಾರಪ್ಪಾ."

ತಂಗಿ ಬೆಚ್ಚಿಬಿದ್ದಳು. ಆದರೆ ಅವಳೂ ಅದೇ ತಾಯಿಯ ಮಗಳು. ಬಕೆಟ್ಟಿಗೆ ಹೇಳಿದಳು: "ಕೆಲವರಿಗೆ ಬಿಸಿಲಿಗೆ ಬರಬೇಡಿ ಅಂತ ಡಾಕ್ಟರು ಹೇಳಿದ್ದು ನೆನಪೇ ಇರಲ್ಲ. ಇನ್ಯಾರೋ ಬಂದು ನೀರು ಹಾಕಬೇಕು."

"ಹಾಕು ಅಂತ ಯಾರು ಹೇಳಿದ್ರು?" ಟೇಲರಕ್ಕನಿಗೆ ಟ್ಯಾಂಕು ಮರೆತೇ ಹೋಯಿತು. "ನಾನು ಒಂದು ದಿನ ಇಟ್ಟ ನೀರು ಹಾಕ್ತೀನಿ, ನೀನು ಹಾಗೇ ಸುರೀತೀಯ. ನಾನೊಂದು ಪಾಲಕ್ ಎಲೆ ಬಿಟ್ರೆ, ನೋಡಿ ನೀನೂ ಒಂದು ಬಿಡ್ತೀಯ. ಅವು ಬದುಕೋದು ಹೇಗೆ? ನನಗೆ ಕಣ್ಣೇ ಹೋಯ್ತು ಅಂತ ನಾನು ಒಳಗೊಳಗೇ ಸಾಯ್ತಿದ್ದೀನಿ ಇಲ್ಲಿ! ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ತಂಗಿ ಬಕೆಟ್ಟು ಕೆಳಗಿಟ್ಟಳು. "ಸಾಯ್ತವೆ ಅಂತ ನಂಗೆ ಗೊತ್ತಿರಲಿಲ್ಲ ಅಕ್ಕಾ. ನೀರಿಳಿದ್ರೆ ನೀನು ಬಿಸಿಲಲ್ಲಿ ಹೊರಬೇಕಲ್ಲ ಅಂತ..."

"ಬಟ್ಟೆನೂ ಹಾಗೇ ತಾನೇ ಕೊಟ್ಟೆ? ಕೇಳದೆ."

"ಕೇಳಿದ್ರೆ ಬಿಡ್ತಿದ್ದೆಯಾ ನೀನು? ಕಟ್ಟು ಬಿಚ್ಚದ ಕಣ್ಣಲ್ಲೇ ಕೂತು ಹೊಲಿದುಬಿಡ್ತಿದ್ದೆ. ಆ ಕಣ್ಣಿಗೇನಾದ್ರೂ ಆಗಿದ್ರೆ?"

ಹೊಲಿದುಬಿಡುತ್ತಿದ್ದಳು, ಅದು ಟೇಲರಕ್ಕನಿಗೂ ಗೊತ್ತು. ತೊಟ್ಟಿಯ ಪಕ್ಕ ಕೂತು ಕಲ್ಲನ್ನು ಮೆಲ್ಲಗೆ ಸರಿಸಿದಳು. ತಂಗಿಯೂ ಬಂದು ಬಗ್ಗಿದಳು.

"ಏನಾದ್ರೂ ಉಳಿದಿದೆಯಾ ಅಕ್ಕಾ? ನಂಗಂತೂ ಏನೂ ಕಾಣ್ತಿಲ್ಲ."

"ಅಲ್ಲಿ ನೋಡೇ, ಪಾಚಿ ಒಳಗೆ. ಒಂದಿದೆ. ಹೊಟ್ಟೆ ಅಡಿ ಮೊಟ್ಟೆ ಹೊತ್ಕೊಂಡಿದೆ."

"ಎಲ್ಲಿ?"

"ನಿನ್ನ ಕಣ್ಣಿಗೇನು ಬಂತು? ಕಾಲು ಆಡಿಸ್ತಾ ಇದೆ, ಮೊಟ್ಟೆಗೆ ಗಾಳಿ ಹಾಕ್ತಾ ಇದೆ." ಅನ್ನುತ್ತಿದ್ದಂತೆ ತಾನು ಏನನ್ನು ನೋಡುತ್ತಿದ್ದೇನೆ ಎಂಬುದು ಟೇಲರಕ್ಕನಿಗೆ ಅರಿವಾಯಿತು. ತನ್ನ ಕಣ್ಣಿಗೇನೂ ಆಗಿಲ್ಲ!

ಆಮೇಲೆ ಕನ್ನಡಕ ಸರಿಮಾಡಿಕೊಂಡು ಹೇಳಿದಳು: "ಮಗಳ ಆ ಬಟ್ಟೆ ತಂದುಕೊಡು. ಎಡಗಡೆ ಭುಜ ಇಳಿದಿದೆ. ಮದುವೆಯಲ್ಲೇ ನೋಡಿದ್ದೆ."

"ಅಷ್ಟು ಹಿಂದೆ ಕೂತು? ಕಪ್ಪು ಕನ್ನಡಕದಲ್ಲಿ?" ಅಂದ ತಂಗಿ, ತೊಟ್ಟಿಯ ಅಂಚು ಹಿಡಿದು ಅಳತೊಡಗಿದಳು.

ಟೇಲರಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಅಳೋದಾದ್ರೆ ಈ ಕಡೆ ತಿರುಗಿ ಅಳೇ," ಅಂದಳು. "ಇವು ಸಿಹಿನೀರಿನವು."