ಬಾಗಿಲ ಮೇಲಿನ ಪಾಸಿಟಿವ್

ಬೀದಿಯ ಮಕ್ಕಳು ಅವಳನ್ನು ಸೂಜಿಯಮ್ಮ ಎನ್ನುತ್ತಿದ್ದವು. ಅನ್ನಲಿ ಬಿಡಿ, ಸುಳ್ಳೇನಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ರಿಪೋರ್ಟ್ ಕೊಡುವುದು ಅವಳ ಕೆಲಸ. ಬೇರೆಯವರು ನಾಲ್ಕು ಕಡೆ ಚುಚ್ಚಿ ಸೋತ ಕೈಯಲ್ಲೂ ಅವಳಿಗೆ ನರ ಸಿಗುತ್ತಿತ್ತು. ಸಿಗದೆ ಸತಾಯಿಸಿದ್ದು ಇಂಗ್ಲಿಷ್ ಒಂದೇ.

ಅವಳ ಗಂಡ ವೆಲ್ಡರ್. ಮದುವೆಯಾದ ವರ್ಷವೇ ದೂರದ ದೇಶದ ಹಡಗುಕಟ್ಟೆಗೆ ಕೆಲಸಕ್ಕೆ ಹೋದವನು, ಆಮೇಲೆ ಫೋನಿನ ಪರದೆಯ ಮೇಲೆ ಬಿಟ್ಟರೆ ಅವಳಿಗೆ ಕಂಡಿಲ್ಲ. ಅವನಿರುವ ಊರಿನ ಆಸ್ಪತ್ರೆಯೊಂದು ಇವಳಿಗೆ ಕೆಲಸ ಕೊಡಲು ಒಪ್ಪಿತ್ತು. ಇಂಗ್ಲಿಷ್ ಪರೀಕ್ಷೆಯಲ್ಲಿ ಅವರು ಹೇಳಿದಷ್ಟು ಅಂಕ ಬಂದರೆ ಅವಳೂ ಅತ್ತೆಯೂ ಗಂಟುಮೂಟೆ ಕಟ್ಟಿ ಅವನ ಬಳಿಗೆ ಹೋಗಬಹುದು. ಬರದಿದ್ದರೆ ಮತ್ತೆ ಅದೇ ಪರದೆ. ಆಗಲೇ ಎರಡು ಸಲ ಪರೀಕ್ಷೆಗೆ ಕೂತು, ಎರಡು ಸಲವೂ ಪ್ರಬಂಧದಲ್ಲಿ ಅರ್ಧ ಅಂಕಕ್ಕೆ ಮುಗ್ಗರಿಸಿದ್ದಳು. ಇನ್ನೊಂದೇ ಸಲ ಕಾಯುತ್ತೇವೆ ಎಂದು ಆ ಆಸ್ಪತ್ರೆಯವರು ಖಡಾಖಂಡಿತವಾಗಿ ತಿಳಿಸಿದ್ದರು.

ರೋಗ ಎಲ್ಲಿದೆ ಎಂದು ಪತ್ತೆ ಹಚ್ಚಿದ್ದು ಟ್ಯೂಷನ್ ಮೇಡಂ. ಅಭ್ಯಾಸಕ್ಕೆ ಬರೆಸಿದ್ದ ಪ್ರಬಂಧಗಳನ್ನು ಮುಂದಿಟ್ಟುಕೊಂಡು ಅವರು ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದರು.

"ಅಲ್ರೀ, 'ಒಂದು ದೇಶದ ಕಲ್ಚರ್ ಬೆಳೆಯೋಕೆ ಬೆಚ್ಚಗಿನ ಜಾಗ ಬೇಕು' ಅಂತ ಬರೆದಿದ್ದೀರಲ್ಲ, ಇದೇನು ಮೊಸರಾ?"

"ನಮ್ಮಲ್ಲಿ ಹಾಗೇ ಮೇಡಂ. ಗಾಜಿನ ತಟ್ಟೇಲಿ ರೋಗಾಣು ಬೆಳೆಸ್ತೀವಲ್ಲ, ಅದಕ್ಕೆ ಕಲ್ಚರ್ ಅಂತೀವಿ."

"ಅದು ಹೋಗ್ಲಿ. ಶಾಲೆಗಳು ಹೆಚ್ಚಾಗಿದ್ದರ ಪರಿಣಾಮ ನೆಗೆಟಿವ್, ಆದ್ದರಿಂದ ಎಲ್ಲರಿಗೂ ಸಂತೋಷ ಅಂತ ಬರೆದಿದ್ದೀರಿ. ಓದಿದವರು ನಿಮ್ಮ ತಲೆ ಸರಿ ಇಲ್ಲ ಅಂದ್ಕೊಳ್ಳಲ್ವಾ?"

ಇಷ್ಟು ವರ್ಷ ಲ್ಯಾಬಿನ ಕಿಟಕಿಯ ಆಚೆ ನಿಂತ ಹೆದರಿದ ಮುಖಗಳಿಗೆ ಸೂಜಿಯಮ್ಮ ಹೇಳುತ್ತಾ ಬಂದದ್ದು ಅದನ್ನೇ. ನೆಗೆಟಿವ್ ಬಂದಿದೆ, ಹೆದರಬೇಡಿ, ಮನೆಗೆ ಹೋಗಿ. ಆ ಪದ ಕೇಳಿ ಗಂಡಸರು ಅತ್ತದ್ದನ್ನು ನೋಡಿದ್ದಳು. ಪಾಸಿಟಿವ್ ಎನ್ನುವಾಗ ಅವಳ ದನಿಯೇ ಇಳಿಯುತ್ತಿತ್ತು. ಅವಸರದಲ್ಲಿ ಬರೆಯುವಾಗ ಕೈ ತನ್ನ ಅಭ್ಯಾಸದ ಹಾದಿಯನ್ನೇ ಹಿಡಿದಿತ್ತು.

ಅಂದು ಲ್ಯಾಬಿನಲ್ಲಿ ವ್ಯರ್ಥವಾಗಿ ಬಿದ್ದಿದ್ದ ಲೇಬಲ್ ಸುರುಳಿಯೊಂದನ್ನು ಕೇಳಿ ಪಡೆದು ತಂದಳು. ರಕ್ತದ ಕೊಳವೆಗೆ ಅಂಟಿಸುವ ಸಣ್ಣ ಚೀಟಿಗಳು ಅವು. ಒಂದೊಂದರ ಮೇಲೂ ಇಂಗ್ಲಿಷ್ ಪರೀಕ್ಷೆಯ ಒಂದು ದಪ್ಪ ಪದ ಬರೆದಳು, ಪಕ್ಕದಲ್ಲಿ ಕನ್ನಡದಲ್ಲಿ ಅದರ ಉಚ್ಚಾರ, ಅರ್ಥ. ಹಾಲಿನ ಪಾತ್ರೆಗೆ ಫ್ಲಕ್ಚುಯೇಟ್, ಏರಿಳಿಯುವುದು; ಕಸದ ಬುಟ್ಟಿಗೆ ಡಿಟೀರಿಯೊರೇಟ್, ಕೆಡುವುದು; ಅತ್ತೆಯ ಕನ್ನಡಕದ ಡಬ್ಬಿಗೆ ಪರ್ಸ್ಪೆಕ್ಟಿವ್, ದೃಷ್ಟಿಕೋನ. ಮುಂಬಾಗಿಲ ಮೇಲೆ, ಒಳಗೆ ಬಂದರೂ ಹೊರಗೆ ಹೋದರೂ ಕಣ್ಣಿಗೆ ಬೀಳುವಂತೆ, ಪಾಸಿಟಿವ್ ಅಂದರೆ ಒಳ್ಳೆಯದು.

"ನನ್ನ ಮಗನ ಫೋಟೋ ಮೇಲೆ ಏನೇ ಅಂಟಿಸಿದ್ದೀಯ?" ಎಂದು ಅತ್ತೆ ಗದರಿದರು.

"ಸಿಗ್ನಿಫಿಕೆಂಟ್ ಅತ್ತೆ. ಮಹತ್ವದ್ದು ಅಂತ."

"ಹಾಗಾದ್ರೆ ಇರಲಿ ಬಿಡು."

ಅತ್ತೆ ಟೈಲರ್. ಹೊಲಿಗೆ ಯಂತ್ರದ ಮುಂದೆ ಕೂತೇ ಸೊಸೆಗೆ ಪ್ರಶ್ನೆ ಕೇಳುತ್ತಿದ್ದರು. ಉತ್ತರ ತಡವಾದರೆ ಅಳತೆ ಪಟ್ಟಿಯಲ್ಲಿ ಮೇಜಿಗೆ ಒಂದು ಬಡಿತ. ನೋಡನೋಡುತ್ತಾ ಅರ್ಧ ಪದಗಳು ಅವರಿಗೇ ಬಾಯಿಪಾಠವಾದವು. ಸಾರಿಗೆ ಉಪ್ಪು ಸರಿಯಾದರೆ "ಪಾಸಿಟಿವ್ ಕಣೇ" ಎನ್ನುವಷ್ಟು.

ಆದರೆ ಪರೀಕ್ಷೆಗೆ ಎರಡು ದಿನವಿದ್ದಾಗ ಸೂಜಿಯಮ್ಮನ ಕಿವಿ ನೆಟ್ಟಗಾಯಿತು. ಬಚ್ಚಲಲ್ಲಿ ನಲ್ಲಿ ಸುಮ್ಮನೆ ಹರಿಯುತ್ತಿತ್ತು, ಬಕೆಟ್ಟಿನ ಸದ್ದಿಲ್ಲ. ನೀರಿನ ಸದ್ದಿನ ಹಿಂದೆ ಅತ್ತೆ ಕೆಮ್ಮುತ್ತಿದ್ದರು. ಅವಳ ಓದು ಕೆಡಬಾರದೆಂದು ಎಷ್ಟು ದಿನದಿಂದ ಹೀಗೆ ಮುಚ್ಚಿಟ್ಟಿದ್ದರೋ! ಅತ್ತೆಯ ರವಿಕೆಯ ತೋಳು ಸಡಿಲವಾಗಿದ್ದನ್ನೂ ಅವಳು ಆಗಲೇ ಗಮನಿಸಿದ್ದು. ಪದಗಳನ್ನು ನೋಡುತ್ತಾ ಮನುಷ್ಯರನ್ನು ನೋಡುವುದನ್ನೇ ಬಿಟ್ಟಿದ್ದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

"ಸುಮ್ನೆ ಒಂದು ಟೆಸ್ಟ್ ಅತ್ತೆ," ಎಂದು ಕಫದ ಡಬ್ಬಿ ಕೊಟ್ಟಳು. ಕ್ಷಯ ಎಂಬ ಮಾತನ್ನು ನಾಲಿಗೆಯ ತುದಿಗೂ ತರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಡಬ್ಬಿ ಲ್ಯಾಬಿನಲ್ಲಿತ್ತು. ಅಲ್ಲಿನ ಹಿರಿಯ ಟೆಕ್ನಿಷಿಯನ್, ಎಲ್ಲರೂ ಅಣ್ಣ ಎನ್ನುವವರು, ತಾವೇ ನೋಡಿ ಫೋನ್ ಮಾಡುತ್ತೇನೆ ಎಂದಿದ್ದರು. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಫೋನನ್ನು ಆಫ್ ಮಾಡಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡರು. ಬರಿಗೈಯಲ್ಲಿ ಒಳಗೆ ಹೋಗುವಾಗ ಅವಳು ಆ ಕಪಾಟನ್ನು ತಿರುಗಿ ನೋಡಿದಳು.

ಪ್ರಶ್ನೆಪತ್ರಿಕೆ ತಿರುಗಿಸಿದಳು. ಕೆಲಸಕ್ಕಾಗಿ ಜನ ಕುಟುಂಬ ಬಿಟ್ಟು ಬೇರೆ ದೇಶಗಳಿಗೆ ಹೋಗುತ್ತಿದ್ದಾರೆ. ಇದು ಪಾಸಿಟಿವ್ ಬೆಳವಣಿಗೆಯೋ, ನೆಗೆಟಿವ್ ಬೆಳವಣಿಗೆಯೋ? ಚರ್ಚಿಸಿ.

ಪೆನ್ನು ಕಾಗದದ ಮೇಲೆ ನಿಂತಿತು. ಪಾಸಿಟಿವ್ ಎಂದು ಬರೆಯಬೇಕು. ಅದಕ್ಕೆ ಕಾರಣಗಳೆಲ್ಲ ಸಿದ್ಧವಾಗಿದ್ದವು, ದಪ್ಪ ಪದಗಳೂ ಸಾಲಾಗಿ ನಿಂತಿದ್ದವು. ಆದರೆ ಆ ಪದವನ್ನು ಕೈಯಾರೆ ಬರೆದರೆ ಅತ್ತೆಯ ರಿಪೋರ್ಟಿನ ಮೇಲೆ ತಾನೇ ಬರೆದಂತಾಗುತ್ತದೆ ಎಂಬ ಹುಚ್ಚು ಭಯ ಹಿಡಿಯಿತು. ಅವಳಿಗೂ ಗೊತ್ತು ಅದು ಹುಚ್ಚು ಎಂದು. ಗೊತ್ತಿದ್ದರೇನು, ಬೆರಳು ಕೇಳಬೇಕಲ್ಲ! ಪಕ್ಕದವರ ಪೆನ್ನುಗಳು ಸರಸರ ಓಡುತ್ತಿದ್ದವು. ಮೇಲ್ವಿಚಾರಕಿ ಎರಡು ಸಲ ಅವಳ ಖಾಲಿ ಹಾಳೆಯನ್ನು ನೋಡಿಕೊಂಡು ಹೋದಳು. ಹಲ್ಲು ಕಚ್ಚಿ, ಅಳತೆ ಪಟ್ಟಿ ಮೇಜಿಗೆ ಬಡಿದ ಸದ್ದನ್ನು ನೆನೆಸಿಕೊಂಡು, ಆ ಪದ ಬರೆದಳು. ಒಮ್ಮೆ ಬರೆದ ಮೇಲೆ ಮತ್ತೆ ಮತ್ತೆ ಬರೆದಳು, ಪ್ರತಿ ಸಲವೂ ಚುಚ್ಚುತ್ತಿತ್ತು.

ಹೊರಗೆ ಬಂದು ಫೋನ್ ಆನ್ ಮಾಡಿದ ತಕ್ಷಣ ಅತ್ತೆಯ ಕರೆ ಬಂತು.

"ಎಲ್ಲಿ ಸತ್ತಿದ್ದೆ ಇಷ್ಟು ಹೊತ್ತು? ನಿಮ್ಮ ಲ್ಯಾಬಿನ ಅಣ್ಣ ನಿನ್ನ ಫೋನ್ ಸಿಗಲಿಲ್ಲ ಅಂತ ನನಗೆ ಮಾಡಿದ್ದ. ಮೊದಲು ಹೇಳೋಕೆ ಒಪ್ಪಲಿಲ್ಲ, ಗದರಿಸಿ ಕೇಳಿದೆ. ಪಾಸಿಟಿವ್ ಅಂತೆ ಕಣೇ! ನಾನು ಪಾಸು, ಇನ್ನು ನಿನ್ನದೊಂದೇ ಬಾಕಿ. ನೂರು ವರ್ಷ ಬಾಳಪ್ಪ ಅಂತ ಹರಸಿದೆ. ಪಾಪ, ಅವನಿಗೆ ಮಾತೇ ಹೊರಡಲಿಲ್ಲ."

ಸೂಜಿಯಮ್ಮ ಗೋಡೆಗೆ ಕೈ ಕೊಟ್ಟು ನಿಂತಳು. ಅದೆಷ್ಟು ಅಪರಿಚಿತರಿಗೆ ಈ ಮಾತು ಹೇಳಿದವಳು! ಈಗ ಹೇಳಬೇಕಾದದ್ದು ಅತ್ತೆಗೆ.

"ಅತ್ತೆ... ಬಾಗಿಲ ಮೇಲಿರೋ ಅರ್ಥ ಪರೀಕ್ಷೆಗೆ ಮಾತ್ರ. ನಮ್ಮ ಲ್ಯಾಬಲ್ಲಿ ಪಾಸಿಟಿವ್ ಅಂದ್ರೆ ಕಾಯಿಲೆ ಇದೆ ಅಂತ. ನಿಮಗೆ ಕ್ಷಯ. ಮಾತ್ರೆ ಇದೆ, ತಪ್ಪದೆ ತಗೊಂಡ್ರೆ ಆರು ತಿಂಗಳಲ್ಲಿ ವಾಸಿಯಾಗುತ್ತೆ."

ಅತ್ತೆ ಮಾತ್ರೆಯ ವಿಷಯ ಬಿಟ್ಟು ಕೇಳಿದರು.

"ಪರೀಕ್ಷೇಲಿ ನೀನು ಯಾವ ಅರ್ಥದ್ದು ಬರೆದೆ? ಬಾಗಿಲಿಂದೋ, ಲ್ಯಾಬಿಂದೋ?"

"ಬಾಗಿಲಿಂದೇ ಅತ್ತೆ."

"ಅಷ್ಟು ಸರಿ ಮಾಡಿದ್ರೆ ಸಾಕು. ಅಳಬೇಡ, ಬೀದೀಲಿದ್ದೀಯ."

ಫಲಿತಾಂಶ ಬಂತು, ಪ್ರಬಂಧ ಅರ್ಧ ಅಂಕದ ಆ ಗೋಡೆ ಹಾರಿತ್ತು. ಅತ್ತೆಯ ಚಿಕಿತ್ಸೆ ಮುಗಿಯುವವರೆಗೆ ಕಾಯಿರಿ ಎಂದು ಅವಳು ಆ ಆಸ್ಪತ್ರೆಗೆ ಬರೆದಳು. ಮನೆಯ ಗೋಡೆ, ಪಾತ್ರೆ, ಡಬ್ಬಿಗಳ ಮೇಲಿದ್ದ ದಪ್ಪ ಪದಗಳೆಲ್ಲ ಆ ಪತ್ರಕ್ಕೆ ಕೆಲಸಕ್ಕೆ ಬಂದವು. ಅವರು ಗೊಣಗುತ್ತಲೇ ಒಪ್ಪಿದರು.

ಕೊನೆಯ ಕಫ ಪರೀಕ್ಷೆಯ ದಿನ ಅವಳು ಓಡೋಡಿ ಮನೆಗೆ ಬಂದು ಬಾಗಿಲಲ್ಲೇ ಕೂಗಿದಳು.

"ಅತ್ತೆ, ನೆಗೆಟಿವ್!"

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದವರು ತಲೆ ಎತ್ತಿದರು. ಒಮ್ಮೆ ಮೋಸಹೋದವರ ಎಚ್ಚರದಲ್ಲಿ ಕೇಳಿದರು.

"ಬಾಗಿಲಿಂದೋ, ಲ್ಯಾಬಿಂದೋ, ಅದನ್ನ ಮೊದಲು ಹೇಳು."